ಗಾಳಿಹುಲಿಯ ಕಾಲು

ಬೆಟಗೇರಿ
ಶುಕ್ರವಾರ, ಜುಲೈ ೧೮, ೨೦೨೫

ಪ್ರೀತಿಯ ಜಗಳಗಂಟಿ ವಿದ್ಯಾಶ್ರೀಗೆ,

ನಿನ್ನ ನಿಶಾತಳ ಸಲಾಮು. ಮುಂಡರಗಿಯಲ್ಲಿ ನೀನು, ನಿನ್ನ ಯಜಮಾನರು, ನಿನ್ನ ಶಾಲೆಯ ಪಿಳ್ಳೆಗಳು ಎಲ್ಲರೂ ಅರಾಮ ಇರಬೇಕು. ನಾವು ಹೇಗಿದ್ದೇವೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಲು ಬಾರದು, ಕೆಳಗೆ ಬರೆಯುತ್ತೇನೆ. ನಮ್ಮ ಯಜಮಾನ ಅಶ್ಫಾಕ ಜುಮ್ಮಾ ನಮಾಜಿಗೆ ಹೋಗಿದ್ದಾನೆ. ಮಾವ ಪಡಸಾಲೆಯಲ್ಲಿ ಅಡ್ಡಾಗಿದ್ದಾರೆ. ಚಿಕ್ಕವನಿಗೆ ಈಗಷ್ಟೇ ತೊಟ್ಟಿಲಲ್ಲಿ ಜೊಂಪು ಹತ್ತಿತು. ನಾನು ನಿದ್ದೆ ಮಾಡಬೇಕಾದ ಹೊತ್ತು ಇದು, ಆದರೆ ನಿದ್ದೆ ನನ್ನ ಕೂಡ ಮಾತು ಬಿಟ್ಟು ಬಹಳ ದಿನವಾಯಿತು.

ನೀನು ಫೋನಿನಲ್ಲಿ ಕಳಿಸಿದ ಮಾತನ್ನು ಎಷ್ಟೋ ಸಲ ಹಾಕಿಕೊಂಡು ಕೇಳಿದೆ. ಗದಗಿನಲ್ಲಿ ಹೊಸ ಸೂಪರ್‌ಹೀರೋ ಸಿನಿಮಾ ನೋಡಿ, ಊರಿಗೆ ಹೊರಟ ಬಸ್ಸಿನಲ್ಲೇ ಕೂತು ಒದರಿದ್ದೀಯ: "ಲೇ ನಿಶಾ, ಕಡೀಕೂ ನಮ್ಮ ಪಾರ್ಟಿ ಗೆದ್ದತು ನೋಡ! ಹಳದಿ ಅಂಗಿ, ಹಸರ ಬೂಟು, ವಿಲನ್ ಹೊಟ್ಟಿ ಹಿಡಕೊಂಡು ನಗತಾನ, ಸಂಜೀ ಅನ್ನೂದ್ರಾಗ ಊರು ಉಳೀತೈತಿ! ಮಳ್ಯಾಗ ನಿಂತು ಅಳೂ ನಿಮ್ಮ ಕತ್ತಲ ಹೀರೋಗೋಳೆಲ್ಲ ಮನೀಗೆ ಹೋದ್ರು. ಈಗರೆ ಸೋತ್ನಿ ಅಂತ ಒಪ್ಪಕೋ." ನಾನು ಬರೀ ಒಂದು ನಗುವ ಮುಖ ಕಳಿಸಿ ಸುಮ್ಮನಾದೆ. ನಿನಗೆ ಸಿಟ್ಟು ಬಂದಿರಬೇಕು. ಫೋನು ಮಾಡಿದರೆ ನೀನು ನಡುವೆ "ಯಾಕ, ಏನಾತು" ಅನ್ನುತ್ತೀ, ನಾನು ಅಳುತ್ತೇನೆ, ಆಮೇಲೆ ಇಬ್ಬರೂ ಬರೀ ಅಳುತ್ತೇವೆ. ಅದಕ್ಕೇ ಕಾಗದ. ಇದು ನಿನ್ನ ಪ್ರಶ್ನೆಗೆ ಉತ್ತರವೇ, ಸ್ವಲ್ಪ ಸುತ್ತು ಹಾಕಿ ಬರುತ್ತದೆ.

ನಮ್ಮ ಶಿರಹಟ್ಟಿ ಬಸ್ಸು ನೆನಪಿದೆಯಲ್ಲ? ಕಾಲೇಜು ಬಿಟ್ಟು ಗದಗಿನಲ್ಲಿ ಹತ್ತಿದರೆ ನೀನು ಶಿರಹಟ್ಟಿಯಲ್ಲಿ ಇಳಿಯುವವರೆಗೆ ಇದೇ ವಾದ. ಕಾಮಿಕ್ಸ್ ಅಂದಮೇಲೆ ಬಣ್ಣ ಇರಬೇಕು, ಹೀರೋ ಯಾಕೆ ಹಾರುತ್ತಾನೆಂದು ಕೇಳಬಾರದು, ವಿಲನ್ನಿಗೆ ನಗಲು ಪುರುಸೊತ್ತು ಇರಬೇಕು ಎಂದು ನೀನು. ಹೀರೋನ ಮೈಬಣ್ಣ ತೊಳೆದು, ಊರಿಗೆಲ್ಲ ಬೂದಿ ಬಳಿದು, ಅವನ ಅಪ್ಪ ಸತ್ತ ದುಃಖವನ್ನು ಎರಡೂವರೆ ತಾಸು ಎಳೆಯುವವರು ಕಾಮಿಕ್ಸ್ ಓದಲು ನಾಚಿಕೆ ಪಡುವ ಮಂದಿ ಎಂದು ನಿನ್ನ ತೀರ್ಪು. ನಾನು ಬಿಡುತ್ತಿರಲಿಲ್ಲ. ಮಹಡಿಯಿಂದ ಬೀಳುವವಳನ್ನು ನೆಲಕ್ಕೆ ಎರಡು ಮೊಳ ಇರುವಾಗ ಅವನು ಹಿಡಿದರೆ ಅವನ ಕಬ್ಬಿಣದ ಕೈಯೇ ಅವಳಿಗೆ ನೆಲ, ಕುತ್ತಿಗೆ ಉಳಿಯುತ್ತದೆಯೇ? ಬಿದ್ದರೆ ಗಾಯ ಆಗಬೇಕು, ಗಾಯ ಮಾಯಲು ದಿನ ಹಿಡಿಯಬೇಕು, ಇಲ್ಲವಾದರೆ ಅವನಿಗಾಗಿ ನಾನೇಕೆ ಹೆದರಲಿ? ಕಂಡಕ್ಟರ್ ಒಂದು ಸಲ ನಮ್ಮಿಬ್ಬರ ನಡುವೆ ಬಗ್ಗಿ, "ಯವ್ವಾ, ಅಂವ ಹಾರ್ತಾನೋ ಬೀಳ್ತಾನೋ ಆಮ್ಯಾಲ ನೋಡ್ಕೋರಿ, ಮೊದಲ ಪಾಸ್ ತೋರಸ್ರಿ" ಅಂದಿದ್ದಕ್ಕೆ ಇಡೀ ಬಸ್ಸು ನಕ್ಕಿತ್ತು.

ಆ ವಾದಗಳಲ್ಲಿ ಎರಡು ಮಾತು ನನ್ನ ತಲೆಯಲ್ಲಿ ಉಳಿದಿವೆ. ಒಂದು ನಿನ್ನದು: "ಕಾಮಿಕ್ಸಿನ್ಯಾಗ ಯಾರಿಗೂ ವಯಸ್ಸ ಆಗಂಗಿಲ್ಲಲೇ, ಅದ ಅದರ ಚಂದ." ನಾನು ಅದಕ್ಕೆ ನಕ್ಕಿದ್ದೆ. ಇನ್ನೊಂದು ನನ್ನದು. ನೀನು ತಂದ ಹಳೆಯ ಕಾಮಿಕ್ಸಿನ ರಟ್ಟಿನ ಮೇಲೆ ಹೀರೋನ ಮೀನಖಂಡ ಹಲಸಿನ ಹಣ್ಣಿನಂತೆ ಉಬ್ಬಿತ್ತು. ಅದರ ಮೇಲೆ ಬೆರಳಿಟ್ಟು ಅಂದಿದ್ದೆ: "ಇಂಥಾ ಕಾಲು ಖರೆ ಮನಷಾಗ ಬಂದ್ರ ಅದು ಶಕ್ತಿ ಅಲ್ಲ, ಜಡ್ಡು."

ನಮ್ಮ ದೊಡ್ಡವನಿಗೆ, ಇಲಿಯಾಸನಿಗೆ, ಈಗ ಆರು ವರ್ಷ. ನೀನು ಅವನನ್ನು ನೋಡಿದಾಗ ಇನ್ನೂ ತೊದಲುತ್ತಿದ್ದ. ಆಗಲೇ ನೀನು ಅವನ ಕಾಲು ಹಿಚುಕಿ "ಏನ ಕಾಲಲೇ ಇವು, ರಾಗಿ ಮುದ್ದಿ ತಿನ್ನಸ್ತೀ ಏನು" ಅಂದಿದ್ದೆ. ಎಲ್ಲರೂ ಅಂದರು. ನಮ್ಮ ಮಾವ ಬುಡ್ಡೇಸಾಬರು ವಯಸ್ಸಿನಲ್ಲಿ ಬೆಟಗೇರಿಯ ಗರಡಿಯಲ್ಲಿ ಮೈ ಮುರಿದವರು. ಮೊಮ್ಮಗನ ದುಂಡನೆಯ ಗಟ್ಟಿ ಮೀನಖಂಡ ಕಂಡು ಅವರಿಗೆ ಹಿಡಿಸಲಾರದ ಹಿಗ್ಗು. ದಿನಾ ಮುಂಜಾನೆ ಎಣ್ಣೆ ಹಚ್ಚಿ ತೀಡುತ್ತ, ಓಣಿಯಲ್ಲಿ ಹೋಗಿಬರುವವರನ್ನು ಕರೆದು ತೋರಿಸುವರು: "ಮುಟ್ಟಿ ನೋಡ್ರಿ, ಕಲ್ಲಾಗ್ಯಾವು! ಮಗಗ ಬರಲಿಲ್ಲ, ಮೊಮ್ಮಗಗ ಬಂದಾವ ನನ್ನ ಕಾಲು." ದೃಷ್ಟಿ ತಾಗೀತೆಂದು ಬಲಗಾಲಿಗೆ ಕಾಡಿಗೆಯ ಬೊಟ್ಟು ಇಡುತ್ತಿದ್ದವಳು ನಾನೇ. ಮಗು ಆಗಾಗ ಬೀಳುತ್ತಿತ್ತು. ಪೈಲ್ವಾನರು ಬಿದ್ದೇ ಕಲಿಯುವುದು ಎಂದರು ಮಾವ.

ಶಾಲೆಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾನೆಂದು ಟೀಚರು ಹೇಳಿಕಳಿಸಿದ ಮೇಲೆ ಏಪ್ರಿಲ್‌ನಲ್ಲಿ ಹುಬ್ಬಳ್ಳಿಗೆ ಕರೆದೊಯ್ದೆವು. ಡಾಕ್ಟರರು ಅವನನ್ನು ನೆಲದ ಮೇಲೆ ಕೂರಿಸಿ, "ಏಳಪ್ಪಾ ರಾಜಾ" ಅಂದರು. ಅವನು ಏಳುವ ರೀತಿ ನಿನಗೆ ಗೊತ್ತಿಲ್ಲ. ಮೊದಲು ಕೈ ಊರಿ ಕುಂಡಿ ಎತ್ತುತ್ತಾನೆ. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ, ಹೀಗೆ ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿ ನಿಲ್ಲುತ್ತಾನೆ. ಡಾಕ್ಟರರು ಅದನ್ನು ನೋಡಿದರು, ಬಗ್ಗಿ ಮೀನಖಂಡ ಒತ್ತಿದರು, ಆಮೇಲೆ ನನ್ನ ಮುಖ ನೋಡಲಿಲ್ಲ. ನಾನು ಹುಚ್ಚಿ, "ನಮ್ಮ ಮಾವನ ಕಾಲು ಬಂದಾವ್ರಿ ಸರ್" ಅಂದೆ, ಹೆಮ್ಮೆಯಿಂದ.

ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಹೋಗಿ, ವರದಿ ಬಂತು. ವಿದ್ಯಾ, ಅದು ಶಕ್ತಿ ಅಲ್ಲ. ಸ್ನಾಯು ಒಳಗೊಳಗೇ ಸವೆದು, ಆ ಜಾಗದಲ್ಲಿ ಕೊಬ್ಬು ತುಂಬಿ ಕಾಲು ಉಬ್ಬಿದೆ. ಗುಳಿಗೆ ಸ್ವಲ್ಪ ತಡೆಯುತ್ತದೆ, ನಿಲ್ಲಿಸುವುದಿಲ್ಲ. ಹೈಸ್ಕೂಲು ಮುಟ್ಟುವ ಹೊತ್ತಿಗೆ ಗಾಲಿ ಕುರ್ಚಿ. ಆಮೇಲೆ ಕೈ, ಆಮೇಲೆ ಉಸಿರು. ಜಡ್ಡಿನ ಹೆಸರು ಬರೆಯುವುದಿಲ್ಲ, ಬರೆದರೆ ನೀನು ಫೋನಿನಲ್ಲಿ ಹುಡುಕುತ್ತೀ, ನಾನು ಹುಡುಕಿದ್ದು ಸಾಕು. ಇದು ತಾಯಿಯ ಕಡೆಯಿಂದ ಮಗನಿಗೆ ಇಳಿಯುವಂಥದ್ದು. ಬೆಳ್ಳಟ್ಟಿಯಲ್ಲಿ ನಮ್ಮ ಅಮ್ಮನ ತಮ್ಮನೊಬ್ಬ ನಡೆಯಲಾರದೆ ಹೋಗಿ, ಮೀಸೆ ಮೂಡುವ ವಯಸ್ಸಿಗೆ ತೀರಿಕೊಂಡಿದ್ದ. ಯಾರೋ ಏನೋ ಮಾಡಿಸಿದ್ದಾರೆ ಎಂದಿದ್ದರಂತೆ. ಆ ಕತೆ ನನಗೆ ಗೊತ್ತಿತ್ತು. ಬಿ.ಎಸ್‌ಸಿ. ಓದಿದವಳು ನಾನು, ಎರಡನ್ನೂ ಕೂಡಿಸಿ ನೋಡಲಿಲ್ಲ.

ಈಗ ಅಶ್ಫಾಕನ ಮಾತಿಗೆ ಬರುತ್ತೇನೆ. ನನ್ನ ನಸೀಬು ನೋಡು, ಗಂಡನಾಗಿ ಬಂದವನೂ ನಿನ್ನ ಪಾರ್ಟಿಯವನೇ. ಅಂಗಡಿ ಬೋರ್ಡು ಬರೆಯುತ್ತಿದ್ದವನು, ಫ್ಲೆಕ್ಸ್ ಬಂದ ಮೇಲೆ ಟ್ರ್ಯಾಕ್ಟರ್ ಟ್ರೇಲರುಗಳಿಗೆ ನವಿಲು, ಹುಲಿ, ಕಮಲ ಬರೆಯಲು ಲಕ್ಷ್ಮೇಶ್ವರದಿಂದ ನಿಮ್ಮ ಮುಂಡರಗಿಯವರೆಗೆ ಓಡಾಡುತ್ತಾನೆ. ಅವನ ಹುಲಿಗೆ ಗುಲಾಬಿ ಮೂಗು. ಕೇಳಿದರೆ "ಹುಲೀಗೂ ಚಂದ ಕಾಣಬೇಕಂತ ಇರಂಗಿಲ್ಲೇನು" ಅನ್ನುತ್ತಾನೆ. ಹುಬ್ಬಳ್ಳಿಯಿಂದ ಬಂದ ಸಂಜೆಯೇ ಅವನು ಮಗನಿಗೆ ಒಬ್ಬ ಹೀರೋನನ್ನು ಹುಟ್ಟಿಸಿಕೊಟ್ಟ. ಹೆಸರು ಗಾಳಿಹುಲಿ. ಹಳದಿ ಮೈ, ಕಪ್ಪು ಪಟ್ಟೆ, ಹೆಗಲಿನಿಂದ ಹಾರುವ ಕೆಂಪು ವಲ್ಲಿ. ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗಿದಾಗ ಅವನ ಕಾಲಿಗೆ ಶಕ್ತಿ ತುಂಬುತ್ತದೆ, ನಿಂತಾಗ ಅವನೂ ಬೀಳುತ್ತಾನೆ. ಇಲಿಯಾಸ ಮಾಳಿಗೆ ಮೇಲೆ ಕೂತು ದೂರದ ಆ ಬಿಳಿ ರೆಕ್ಕೆಗಳನ್ನೇ ಕಾಯುತ್ತಿದ್ದ. ಬಿದ್ದರೆ ಅಳುತ್ತಿರಲಿಲ್ಲ. "ಅಮ್ಮೀ, ಗಾಳಿ ನಿಂತೈತಿ" ಅನ್ನುತ್ತಿದ್ದ ಅಷ್ಟೆ. ಗುಳಿಗೆಯ ಕಹಿಯನ್ನೂ ಗಾಳಿಹುಲಿಯ ಹೆಸರಿನಲ್ಲೇ ನುಂಗುತ್ತಿದ್ದ.

ನಾನು ಅಶ್ಫಾಕನ ಜತೆ ಜಗಳ ತೆಗೆದೆ. ಶಕ್ತಿ ತುಂಬುತ್ತದೆ ಎಂದು ಯಾಕೆ ಹೇಳುತ್ತೀ? ಅದು ದಿನಾ ಸೋರಿಹೋಗುತ್ತಿದೆ. ಒಂದು ದಿನ ಗಾಳಿ ಜೋರಾಗಿ ಬೀಸುತ್ತಿರುತ್ತದೆ, ಇವನು ಎದ್ದು ನಿಲ್ಲಲಾರ, ಆ ದಿನ ಏನು ಹೇಳುತ್ತೀ? ಅವನು ಕುಂಚ ತೊಳೆಯುತ್ತ, "ಆ ದಿನ ಆ ದಿನದ ಕಥಿ ಹೇಳತೀನಿ" ಅಂದ. "ನಿನಗ ಖರೆ ಬೇಕು. ಖರೆ ಎಲ್ಲಿಗೂ ಹೋಗಂಗಿಲ್ಲ ನಿಶಾ, ಅದು ತಾನ ಬರತೈತಿ. ನೀ ಯಾಕ ಅದನ್ನ ಕರಕೊಂಡ ಬರಾಕ ಹೋಗ್ತಿ?"

ಅಷ್ಟರಲ್ಲಿ ಮೊಹರಂ ಬಂತು. ಮೊಮ್ಮಗ ಬೀಳುವುದು ನಿಲ್ಲಲಿ, ಹುಲಿವೇಷ ಹಾಕಿಸಿ ಕುಣಿಸುತ್ತೇನೆ ಎಂದು ಮಾವ ಹೋದ ವರ್ಷವೇ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದರು. ಅವರಿಗೆ ನಾವು ಜಡ್ಡಿನ ವಿಷಯ ಪೂರಾ ಹೇಳಿಲ್ಲ. ಕಾಲಿಗೆ ಶಕ್ತಿಯ ಗುಳಿಗೆ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದ್ದೇವೆ. ಓಣಿಯ ಹುಲಿಗಳಿಗೆಲ್ಲ ಬಣ್ಣ ಬಳಿಯುವವನು ಅಶ್ಫಾಕನೇ. ಬೆನ್ನಿನಿಂದ ಶುರು ಮಾಡಿ ಮುಖವನ್ನು ಕಡೆಗೆ ಬರೆಯುತ್ತಾನೆ, ಮುಖ ಬರೆದ ಮೇಲೆ ಮನುಷ್ಯ ಅನ್ನಬಾರದು, ಹುಲಿ ಅನ್ನಬೇಕು. ಇಲಿಯಾಸನಿಗೂ ಹಾಗೇ ಬರೆದ, ಮೂಗು ಗುಲಾಬಿ. ಆಮೇಲೆ ಯಾರಿಗೂ ಕೇಳದೆ ಕೊರಳಿಗೊಂದು ಕೆಂಪು ವಲ್ಲಿ ಕಟ್ಟಿದ. ಮಾವ ಸಿಟ್ಟಾದರು: "ಹರಕೀ ಹುಲೀಗೆ ವಲ್ಲಿ ಯಾಕಲೇ? ಮದವೀಗೆ ಹೊಂಟೈತೇನು?" ಮಗು ಮಾತ್ರ ಕನ್ನಡಿ ಮುಂದಿನಿಂದ ಸರಿಯಲಿಲ್ಲ.

ಹಲಗೆ ಬಾರಿಸುವ ಮುದಕಪ್ಪನ ಮುಂದೆ ದೊಡ್ಡ ಹುಲಿಗಳ ನಡುವೆ ಕುಣಿಯುತ್ತ ಅವನು ಬಿದ್ದ. ನಾನು ಹೆಂಗಸರ ಗುಂಪಿನಲ್ಲಿದ್ದೆ, ಚಿಕ್ಕವನು ಸೊಂಟದ ಮೇಲೆ. ಮುಂದೆ ನುಗ್ಗೋಣವೆಂದರೆ ಮಂದಿ ದಾರಿ ಬಿಡಲಿಲ್ಲ. ಇಲಿಯಾಸ ಕೈ ಊರಿದ, ಕುಂಡಿ ಎತ್ತಿದ, ಮೊಣಕಾಲು, ತೊಡೆ, ಹುಬ್ಬಳ್ಳಿಯ ಆ ಖೋಲಿಯಲ್ಲಿ ಎದ್ದ ಹಾಗೆಯೇ ಮೆಲ್ಲಗೆ ತನ್ನ ಮೈ ತಾನೇ ಹತ್ತತೊಡಗಿದ. ಮಂದಿ ಅದನ್ನು ಹುಲಿಯ ವರಸೆ ಅಂದುಕೊಂಡರು! "ಹೋ ಮರಿಹುಲೀ! ಎದ್ದತು ನೋಡ್ರಲೇ, ಎದ್ದತು!" ಎಂದು ಸಿಳ್ಳೆ ಹೊಡೆದರು. ಮುದಕಪ್ಪ ಹಲಗೆಯ ಓಟ ತಗ್ಗಿಸಿ, ಅವನ ಒಂದೊಂದು ಕೈಗೆ ಒಂದೊಂದು ಪೆಟ್ಟು ಹೊಂದಿಸಿದ. ಇವನು ನೆಟ್ಟಗೆ ನಿಂತಾಗ ಹಲಗೆ ಸಿಡಿಲಾಯಿತು. ನೋಡಿದರೆ ಇಬ್ಬರು ದೊಡ್ಡ ಹುಲಿಗಳು ಬೇಕಂತಲೇ ಬಿದ್ದು, ನನ್ನ ಮಗನ ಹಾಗೆಯೇ ಏಳುತ್ತಿದ್ದರು. ಅಷ್ಟು ಮಂದಿಯಲ್ಲಿ ಅದು ಏನೆಂದು ಗೊತ್ತಿದ್ದವರು ನಾನು ಮತ್ತು ಅಶ್ಫಾಕ. ಅವನು ಬಣ್ಣದ ಕೈಯಲ್ಲೇ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕ. ನಾನು ನಗಲಿಲ್ಲ. ಆದರೆ ನಿನಗೆ ಹೇಳುತ್ತೇನೆ, ಆ ಒಂದು ಗಳಿಗೆ ನನಗೂ ಜಡ್ಡು ಕಾಣಲಿಲ್ಲ. ಹುಲಿಯೇ ಕಂಡಿತು. ಅಶ್ಫಾಕನಿಗೆ ಇದನ್ನು ಈವರೆಗೆ ಹೇಳಿಲ್ಲ.

ಮರುದಿನ ಇಲಿಯಾಸ ಬಣ್ಣ ತೊಳೆಯಲು ಬಿಡಲೊಲ್ಲದೆ ಅತ್ತ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ತೆಗೆದೆ, ಕಿವಿಯ ಹಿಂದೆ ಇನ್ನೂ ಸ್ವಲ್ಪ ಹಳದಿ ಉಳಿದಿದೆ. ಆಮೇಲೆ ಓಣಿಯ ಹುಡುಗರ ಜತೆ ಓಡಲು ಹೋಗಿ ಮುಖ ಅಡಿಯಾಗಿ ಬಿದ್ದ, ತುಟಿ ಒಡೆಯಿತು. ಅವರೆಲ್ಲ ಮುಂದೆ ಹೋಗಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವನು ಕೈ ಊರಿದವನು ಹಾಗೇ ಉಳಿದ. ಕಾಯುತ್ತಿದ್ದ. ನನ್ನನ್ನು ಕಂಡು ಕೇಳಿದ: "ಅಮ್ಮೀ, ಹಲಗಿ ಎಲ್ಲಿ?"

ನನಗೆ ತಡೆಯಲಾಗಲಿಲ್ಲ. ಅವನು ಮಾಳಿಗೆ ಮೇಲೆ ಸುಣ್ಣದ ಕಡ್ಡಿಯಿಂದ ಗಾಳಿಹುಲಿಯನ್ನು ಬರೆಯುತ್ತ ಕೂತಿದ್ದಾಗ ಹೇಳಿಬಿಟ್ಟೆ. ನಿನ್ನ ಕಾಲಿಗೆ ಒಂದು ಜಡ್ಡು ಐತಿ, ಗುಳಿಗೆ ತಿಂದರೂ ಪೂರಾ ಹೋಗಂಗಿಲ್ಲ, ಬಿದ್ದರೆ ತಪ್ಪು ನಿಂದಲ್ಲ ಎಂದೆ. ಅವನು ಕೇಳಿದ, "ಗಾಳಿ ಬಂದಾಗ?" ಗಾಳಿ ಬಂದರೂ ಎಂದೆ. "ಗುಡ್ಡಕ್ಕ ಹೋದ್ರ?" ಹೋದರೂ. "ಮತ್ತ ಹುಲಿ ಆದ್ರ?" ಆದರೂ. ಕಡ್ಡಿ ಕೆಳಗಿಟ್ಟು, "ಹಂಗಾರ ಅಬ್ಬಾ ಸುಳ್ಳ ಹೇಳಿದ್ನೇನು?" ಅಂದ. ಇಲ್ಲ, ಅಬ್ಬಾ ಕಥಿ ಹೇಳಿದ ಎಂದೆ. "ಕಥಿ ಅಂದ್ರ ಸುಳ್ಳ ಅಲ್ಲೇನು?"

ಕಾಲೇಜಿನ ವರ್ಷಗಳೆಲ್ಲ ಬಸ್ಸಿನಲ್ಲಿ ನಾವು ಬಡಿದಾಡಿದ್ದು ಇದಕ್ಕೇ. ಅವನು ಅಂಗೈಗೆ ಉಗುಳಿಕೊಂಡು ಗಾಳಿಹುಲಿಯ ಎರಡೂ ಕಾಲು ಅಳಿಸಿದ. ಮಿಕ್ಕಿದ್ದನ್ನು ಹಾಗೇ ಬಿಟ್ಟ.

ಆ ಸಂಜೆ ಅಶ್ಫಾಕ ಕತೆ ಶುರು ಮಾಡಿದರೆ, "ಬ್ಯಾಡ ಅಬ್ಬಾ, ಅದು ಖರೆ ಅಲ್ಲ" ಅಂದು ಗೋಡೆಗೆ ತಿರುಗಿಕೊಂಡ. ಈಗ ಮಾಳಿಗೆ ಹತ್ತಿಸು ಎನ್ನುವುದಿಲ್ಲ. ಈ ಆಷಾಢದ ಗಾಳಿಗೆ ಗುಡ್ಡದ ರೆಕ್ಕೆಗಳೆಲ್ಲ ಗರಗರ ತಿರುಗುತ್ತಿವೆ. ನೋಡು ಎಂದು ನಾನೇ ಎತ್ತಿಕೊಂಡು ತೋರಿಸಿದರೆ, "ಅವು ಕರೆಂಟ್ ಮಾಡತಾವ ಅಷ್ಟ" ಅಂದ. ಗುಳಿಗೆಗೆ ಬಾಯಿ ಬಿಗಿಹಿಡಿಯುತ್ತಾನೆ, ಮೂಗು ಹಿಡಿದು ಹಾಕಬೇಕು. ಬಿದ್ದರೆ ಬಿದ್ದಲ್ಲೇ ಇರುತ್ತಾನೆ. ಏಳುವ ಪ್ರಯತ್ನವನ್ನೇ ಬಿಟ್ಟಿದ್ದಾನೆ ವಿದ್ಯಾ. ಡಾಕ್ಟರರು ಹೇಳಿದ ದಿನಕ್ಕಿಂತ ಎಷ್ಟೋ ಮುಂಚೆ ನಾನೇ ಅವನನ್ನು ಕೂರಿಸಿಬಿಟ್ಟೆ. ಅಶ್ಫಾಕ ಬೈಯಲಿಲ್ಲ. "ನೀ ಹೇಳಿದ್ದು ತಪ್ಪಲ್ಲ. ಆದರ ನಾಳೆ ಅಂವಗ ಏನ ಕೊಡ್ತಿ?" ಎಂದು ಕೇಳಿದ. ಬೈದಿದ್ದರೆ ಚೆನ್ನಾಗಿತ್ತು. ಅಂಗಳದಲ್ಲಿ ಒಂದು ಟ್ರೇಲರು ನಿಂತಿದೆ, ಅದರ ಹುಲಿಗೆ ಇನ್ನೂ ಮುಖ ಇಲ್ಲ.

ಇದು ನಿನಗೆ ಉತ್ತರ. ನಾನು ಮೆಚ್ಚಿಕೊಂಡ ಆ ಸಹಜವಾದ ಸಿನಿಮಾಗಳಿವೆಯಲ್ಲ, ಅವೂ ಖರೆ ಅಲ್ಲ. ಅಲ್ಲಿ ಹೀರೋನ ಬೆನ್ನು ಮುರಿಯುವುದು ಇಂಟರ್‌ವಲ್ಲಿಗೆ, ಒಂದು ಹಾಡು ಮುಗಿಯುವಷ್ಟರಲ್ಲಿ ಅವನು ಗೋಡೆ ಹತ್ತುತ್ತಾನೆ. ಕತ್ತಲೆ ಬಳಿದ ಮಾತ್ರಕ್ಕೆ ಅದು ನಿಜವೆಂದು ನಾನು ನಂಬಿದ್ದೆ. ನಿಜ ಅಂದರೆ ಪಾಯಿಖಾನೆಯ ಮೆಟ್ಟಿಲು ಎಷ್ಟು ಎತ್ತರ ಎನ್ನುವುದು. ಒಂದೇ ಕಡೆ ಸವೆಯುವ ಚಪ್ಪಲಿ. ಅದನ್ನು ಯಾರೂ ಟಿಕೆಟ್ ತೆಗೆದುಕೊಂಡು ನೋಡುವುದಿಲ್ಲ. ನಿನ್ನ ಮಾತೇ ಬೇಕಾಗಿದೆ ಈಗ ನನಗೆ. ಅವನಿಗೆ ವಯಸ್ಸಾಗಬಾರದು. ಆರರಲ್ಲೇ ಇರಲಿ, ಗುಲಾಬಿ ಮೂಗು ಹಚ್ಚಿಕೊಂಡು, ಪ್ರತಿ ಸಂಚಿಕೆಯಲ್ಲೂ ಬಿದ್ದು, ಪ್ರತಿ ಸಂಚಿಕೆಯಲ್ಲೂ ಏಳಲಿ.

ಆದ್ದರಿಂದ ನೀನು ಬಾ. ಅಶ್ಫಾಕನ ಮಾತನ್ನು ಅವನು ಇನ್ನು ನಂಬುವುದಿಲ್ಲ, ನನ್ನ ಬಾಯಿಗೆ ಕತೆ ಬರುವುದಿಲ್ಲ. ನೀನು ಬಂದು ಅವನೆದುರು ಕೂತು ನನ್ನ ಜತೆ ಜಗಳ ಆಡು, ಬಸ್ಸಿನಲ್ಲಿ ಆಡಿದ ಹಾಗೆ, ಸೀಟು ಗುದ್ದಿದಂತೆ ನೆಲ ಗುದ್ದಿ, ಹೆಸರಿಟ್ಟು. ಕತೆ ಅಂದರೆ ಸುಳ್ಳಲ್ಲ ಎಂದು ನನ್ನ ಬಾಯಿ ಮುಚ್ಚಿಸು. ನಾನು ಮೊದಲಿನಂತೆಯೇ ಎದುರಾಡುತ್ತೇನೆ, ಇಲ್ಲವಾದರೆ ಅವನಿಗೆ ಗೊತ್ತಾಗುತ್ತದೆ. ಆಮೇಲೆ ಸೋಲುತ್ತೇನೆ. ಅವನು ನೋಡಬೇಕು, ಅಮ್ಮಿ ಸೋತದ್ದನ್ನು. ಇದರಿಂದ ಅವನು ಏಳುತ್ತಾನೆಂದು ನನಗೆ ನಂಬಿಕೆ ಇಲ್ಲ, ಆದರೆ ಬೇರೆ ದಾರಿ ತೋಚುತ್ತಿಲ್ಲ. ಮುಂಡರಗಿಯಿಂದ ಮುಂಜಾನೆಯ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಇಲ್ಲಿರುತ್ತೀ. ರೊಟ್ಟಿ ಬಡಿದಿರುತ್ತೇನೆ.

ಮಾವ ಎದ್ದರು, ಚಹಾ ಇಡಬೇಕು.

ವಾದದಲ್ಲಿ ಸದಾ ಗೆದ್ದುಕೊಂಡೇ ಬಂದ ನಿನ್ನ ಗೆಳತಿ,
ನಿಶಾತ

ತಾ.ಕ.: ಚಹಾ ಕೊಟ್ಟು ಬಂದು ಮತ್ತೆ ಬರೆಯುತ್ತಿದ್ದೇನೆ. ಚಿಕ್ಕವನು, ಜಹಾಂಗೀರ, ಅಂಬೆಗಾಲಿಡುತ್ತಾನೆ ಈಗ. ಅವನ ವಿಷಯ ಬರೆಯದೇ ಮುಗಿಸೋಣ ಎಂದಿದ್ದೆ. ಗಂಡುಮಗುವಾದರೆ ಈ ಜಡ್ಡು ಬರುವ ಸಂಭವ ಅರ್ಧಕ್ಕರ್ಧ, ಕಾಲೇಜಿನಲ್ಲಿ ನಾವಿಬ್ಬರೂ ಆನುವಂಶಿಕತೆಯ ಚೌಕ ಬರೆದು ಕಲಿತದ್ದೇ. ಒಂದು ಸೂಜಿಯಷ್ಟು ರಕ್ತ ಸಾಕು, ಕರೆದುಕೊಂಡು ಬನ್ನಿ ಎಂದು ಡಾಕ್ಟರರು ಏಪ್ರಿಲ್‌ನಲ್ಲೇ ಹೇಳಿದ್ದಾರೆ. ಹೋಗೋಣ ನಡಿ ಎಂದು ಕತೆ ಹೇಳುವ ಅಶ್ಫಾಕನೇ ದಿನಾ ಅನ್ನುತ್ತಾನೆ. ಒಲ್ಲೆ ಅನ್ನುತ್ತಿರುವವಳು ನಾನು. ಮಗುವಿಗೆ ನೆಗಡಿ ಎನ್ನುತ್ತೇನೆ, ಬಿಸಿಲು ಎನ್ನುತ್ತೇನೆ, ಈಗ ಗಾಳಿ ಎನ್ನುತ್ತಿದ್ದೇನೆ. ಪಡಸಾಲೆಯಲ್ಲಿ ಮಾವ ಅವನನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡುತ್ತಿದ್ದಾರೆ. "ನಿಶಾತಾ, ಬಾ ಇಲ್ಲೆ, ಮುಟ್ಟಿ ನೋಡ, ಇವೂ ನನ್ನ ಕಾಲ ಆಗಾಕ ಹತ್ಯಾವು" ಎಂದು ಕರೆಯುತ್ತಿದ್ದಾರೆ. ನನ್ನ ಕೈಗೆ ಮಸಿ ಆಗಿದೆ, ಆಮೇಲೆ ಬರುತ್ತೇನೆ ಎಂದಿದ್ದೇನೆ.